ಹೆಸರು ಹಾಕಿಸಿದ ಡಬ್ಬಿ

ಕೆನ್ಮೋರ್
19 ನವೆಂಬರ್ 2023

ದೇವೀರಮ್ಮನವರಿಗೆ, ಮಹಡಿಯ ಮೇಲೆ ಕಿಟಕಿ ಪಕ್ಕದ ಮಂಚದಲ್ಲಿದ್ದ ಶಾಲಿನಿಯ ನಮಸ್ಕಾರ.

ಗುರುತು ಸಿಕ್ಕಿತೇ ಅಮ್ಮ? ಮಾನಸಗಂಗೋತ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದವಳು. ಬಸ್ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಒಂದು ದಿನ ಬಾಯಿತಪ್ಪಿ ಹೇಳಿ, ಆಮೇಲೆ ವಾರವಿಡೀ ನಿಮ್ಮ ಕೈಯಿಂದ ಸಪ್ಪೆ ಸಾರು ಉಂಡ ಹಾಸನದವಳು. ನಿಮ್ಮ ನಂಬರು ಕೊಟ್ಟದ್ದು ಕವನಾ, ನನ್ನ ಪಕ್ಕದ ಮಂಚದವಳು. "ಫೋನ್ ಮಾಡ್ಬೇಡ ಕಣೇ, ಅಮ್ಮಂಗೆ ಈಗ ಕಿವಿ ಸರಿಯಾಗಿ ಕೇಳಲ್ಲ. ಕಾಗದ ಬರ್ದು ಫೋಟೋ ತೆಗ್ದು ಕಳ್ಸು, ಆರಾಮಾಗಿ ಓದ್ಕೋತಾರೆ" ಅಂದಳು. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಪೆನ್ನು ಹಿಡಿದಿದ್ದೇನೆ. ಅಕ್ಷರ ಕೆಟ್ಟಿದೆ, ಬೈಯಬೇಡಿ.

ನಾವು ಇರುವುದು ಇಲ್ಲಿನ ಒಂದು ದೊಡ್ಡ ಸರೋವರದ ಉತ್ತರ ತುದಿಯ ಹತ್ತಿರ, ಒಂದು ಚಿಕ್ಕ ಊರಿನಲ್ಲಿ. ನನಗೂ ನನ್ನ ಗಂಡ ಅಖಿಲ್‌ಗೂ ಹತ್ತಿರದ ಬೆಲ್ವ್ಯೂ ಪಟ್ಟಣದಲ್ಲಿ ಕೆಲಸ. ಈ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನದ ಕಾಫಿ ಮುಗಿಯುವಷ್ಟರಲ್ಲಿ ಕತ್ತಲು ಬಂದು ಕೂತಿರುತ್ತದೆ. ಮಗಳು ಸ್ಪಂದನಾಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿಮ್ಮ ಕೈಗೆ ಸಿಕ್ಕಿದ್ದರೆ ಅವಳಿಗೂ ಸಪ್ಪೆ ಸಾರೇ ಗತಿಯಾಗುತ್ತಿತ್ತು.

ದೀಪಾವಳಿಗೆ ಚಕ್ಕುಲಿ ಮಾಡಿದ್ದೆ. ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ ಉಷಾ ಅನ್ನುವ ಗೆಳತಿಯ ಮನೆಗೆ ಕೊಟ್ಟು ಉಳಿದದ್ದನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಪಕ್ಕದ ಮನೆಗೆ ಕೊಟ್ಟೆ. ಅಲ್ಲಿ ಇರಾಕ್ ಕಡೆಯ ಒಬ್ಬ ಹುಡುಗಿ ಒಂಟಿಯಾಗಿದ್ದಾಳೆ, ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಡಬ್ಬಿ ಅದು, ಪಾತ್ರೆ ಅಂಗಡಿಯವನ ಕೈಯಲ್ಲಿ ಅಮ್ಮನ ಹೆಸರು ಹಾಕಿಸಿದ್ದು. ನಮ್ಮಂತೆ ಅವರಲ್ಲೂ ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲವಂತೆ. ಖರ್ಜೂರದ ಬಿಸ್ಕತ್ತು ತುಂಬಿಕೊಂಡು ಬಂದಳು. ಆದರೆ ಡಬ್ಬಿಯನ್ನು ನನ್ನ ಕೈಗೆ ಕೊಡದೆ, ಆ ಹೆಸರಿನ ಮೇಲೆ ಬೆರಳಾಡಿಸುತ್ತ, ಇದು ಯಾವ ಬರಹ ಎಂದು ಕೇಳಿದಳು.

ಅದರಿಂದ ನಿಮ್ಮ ಹಿಂದಿನ ಕೋಣೆಯಲ್ಲಿದ್ದ ನಮ್ಮ ದಖೀಲ್ ನೆನಪಾದ. ಅವನು ಓದು ಮುಗಿಸಿ ಊರಿಗೆ ಹೊರಟ ವಾರ ನಾನು ಹಾಸನಕ್ಕೆ ಹೋಗಿದ್ದೆ. ನೀವು ಅವನಿಗೆ ಹೆಸರು ಹಾಕಿಸಿದ ಸ್ಟೀಲ್ ಡಬ್ಬಿ ಏನಾದರೂ ಕೊಟ್ಟಿದ್ದಿರಾ ಅಮ್ಮ? ಸುಮ್ಮನೆ ಕೇಳಿದೆ.

ನಿಮ್ಮ
ಶಾಲಿನಿ

ಪಡುವಾರಹಳ್ಳಿ, ಮೈಸೂರು
24 ನವೆಂಬರ್ 2023

ಶಾಲಿನಿಗೆ ಆಶೀರ್ವಾದ.

ಸುಮ್ಮನೆ ಕೇಳಿದೆ ಅಂತ ಬರೆದಿದ್ದೀಯ. ಸುಮ್ಮನೆ ಕೇಳುವವರು ಮಂಡಿನೋವು ಹೇಗಿದೆ ಅಂತ ಕೇಳುತ್ತಾರೆ, ಡಬ್ಬಿ ವಿಷಯ ಕೇಳುವುದಿಲ್ಲ. ಇರಲಿ. ಮಂಡಿ ನೋಯುತ್ತದೆ. ಕೊರೋನಾ ಬಂದಾಗ ಮೆಸ್ಸು ನಿಲ್ಲಿಸಿದವಳು ಮತ್ತೆ ಶುರು ಮಾಡಲಿಲ್ಲ. ಮಹಡಿ ಮೇಲೆ ಈಗಲೂ ಹೆಣ್ಣುಮಕ್ಕಳಿದ್ದಾರೆ. ಫೋನಿನಲ್ಲಿ ಊಟ ತರಿಸುತ್ತಾರೆ, ನನ್ನ ಒಗ್ಗರಣೆಯ ವಾಸನೆ ಬಂದಾಗ ಮಾತ್ರ ಕೆಳಗೆ ಇಳಿಯುತ್ತಾರೆ. ನಿನ್ನ ಕಾಗದ ಮೂರು ಸಲ ಓದಿದೆ. ಅಕ್ಷರ ನಿಜವಾಗಿಯೂ ಕೆಟ್ಟಿದೆ.

ದಖೀಲನನ್ನು ನೆನಪಿಸಿದೆಯಲ್ಲ, ಆ ಹಿಂದಿನ ಕೋಣೆಯನ್ನು ಅವನಿಗೆ ಯಾಕೆ ಕೊಟ್ಟೆ ಗೊತ್ತಾ? ಕೋಣೆ ಕೇಳಿಕೊಂಡು ಬಂದವರು ಬಹಳ ಜನ. ನಮ್ಮ ಮಂಡ್ಯದ ಹುಡುಗರೆಲ್ಲ ಹೊಸ್ತಿಲ ಮೇಲೆ ನಿಂತುಕೊಂಡೇ "ಬಾಡ್ಗೆ ಎಷ್ಟಮ್ಮ" ಅಂದರು. ಆ ಇರಾಕಿನ ಹುಡುಗ ಮಾತ್ರ ಹೊಸ್ತಿಲು ಮುಟ್ಟದೆ, ಕಾಲೆತ್ತಿ ದಾಟಿ ಒಳಗೆ ಬಂದ. ಯಾರಪ್ಪ ಹೇಳಿಕೊಟ್ಟರು ಅಂದೆ. ನಮ್ಮಲ್ಲೂ ಹಾಗೇ, ದೇವರ ಗುಡಿಯ ಹೊಸ್ತಿಲು ತುಳಿಯುವುದಿಲ್ಲ ಅಂದ. ಅವತ್ತೇ ಕೀಲಿ ಕೊಟ್ಟೆ.

ಮೊದಲ ದಿನ ಮುದ್ದೆಯನ್ನು ಅಗಿದ. ಮಧ್ಯಾಹ್ನ ಊಟಕ್ಕೆ ಕೂತವನು ಸಂಜೆ ಕಾಫಿಯ ಹೊತ್ತಿಗೂ ಅಗಿಯುತ್ತಲೇ ಇದ್ದ. ನೀವೆಲ್ಲ ನಕ್ಕಿರಿ, ನಾನೇ ಪಕ್ಕದಲ್ಲಿ ಕೂತು ನುಂಗಲು ಕಲಿಸಿದೆ. ಬುಧವಾರ ಸ್ನಾನ ಮಾಡುವುದಿಲ್ಲ ಅಂದಾಗ ಸೋಮಾರಿ ಅಂತ ಬೈದೆ. ಬುಧವಾರ ಅವರಿಗೆ ದೇವರ ದಿನ, ನೀರು ಹುಯ್ದುಕೊಳ್ಳಬಾರದು, ಬಟ್ಟೆ ಒಗೆಯಬಾರದು ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಅವನಿಗೆ ಮಂಗಳವಾರವೇ ಹಂಡೆ ಒಲೆ ಹಚ್ಚುತ್ತಿದ್ದೆ. ನನ್ನ ಹುಚ್ಚೆಳ್ಳು ಚಟ್ನಿಪುಡಿಯನ್ನು ಅನ್ನಕ್ಕೆ, ಬ್ರೆಡ್ಡಿಗೆ, ಕೊನೆಗೆ ಬಾಳೆಹಣ್ಣಿಗೂ ಹಚ್ಚಿಕೊಂಡು ತಿಂದವನು ಅವನೊಬ್ಬನೇ.

ಅಷ್ಟೆಲ್ಲ ಮಾಡಿಸಿಕೊಂಡು ಏನು ಮಾಡಿದ? ಗೌರಿಹಬ್ಬಕ್ಕೆ ಅಂತ ನಾನೇ ಹೋಗಿ ತಂದ ನೀಲಿ ಶರ್ಟನ್ನು ಒಂದು ದಿನವೂ ಮೈಗೆ ಹಾಕಲಿಲ್ಲ. ಹೊರಟಾಗ ಮಂಚದ ಮೇಲೆ ಮಡಿಸಿಟ್ಟು ಹೋದ. ಎರಡು ವರ್ಷ ಆಗಾಗ ಫೋನು ಮಾಡಿದ, ಆಮೇಲೆ ಅದೂ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅಂಥವನಿಗೆ ನಾನು ಯಾವ ಡಬ್ಬಿಯನ್ನೂ ಕೊಟ್ಟಿಲ್ಲ.

ನಿನ್ನ ಮಗಳಿಗೆ ಕನ್ನಡದಲ್ಲಿ ಬೈಯಿ, ಬೈಗುಳಕ್ಕೆ ಕನ್ನಡದಲ್ಲೇ ಉತ್ತರ ಬರುತ್ತದೆ.

ದೇವೀರಮ್ಮ

ಕೆನ್ಮೋರ್
3 ಡಿಸೆಂಬರ್ 2023

ಅಮ್ಮನವರಿಗೆ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿ ಒಬ್ಬಳೇ ನಕ್ಕೆ. ಪಕ್ಕದವರು ಸ್ವಲ್ಪ ಸರಿದು ಕೂತರು. ಮುದ್ದೆ ಅಗಿಯುತ್ತಿದ್ದ ಆ ಮುಖ ನನ್ನ ಕಣ್ಣ ಮುಂದೆ ಹಾಗೇ ಇದೆ.

ಹೋದ ಸಲ ಒಂದು ವಿಷಯ ಬರೆಯಲಿಲ್ಲ. ಪಕ್ಕದ ಮನೆಯ ಹುಡುಗಿಯ ಹೆಸರು ನೋಫಾ. ಅವಳು ದಖೀಲ್‌ನ ತಂಗಿ. ಅವಳು ಡಬ್ಬಿ ಹಿಂದಿರುಗಿಸಲು ಬಂದ ದಿನದವರೆಗೆ ಇದು ನನಗೂ ಗೊತ್ತಿರಲಿಲ್ಲ. ಡಬ್ಬಿಯ ಮೇಲಿನ ಬರಹ ಕನ್ನಡ, ಮೈಸೂರಿನ ಕಡೆಯ ಭಾಷೆ ಅಂದಾಗ ಅವಳು ನನ್ನ ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. "ಮೈಸೂರು" ಎಂಬ ಊರಿನ ಹೆಸರು ಅವಳಿಗೆ ಗೊತ್ತಿತ್ತು. ನನ್ನ ಅಣ್ಣ ಅಲ್ಲಿ ಓದಿದ ಎಂದಳು, ಅಣ್ಣನ ಹೆಸರು ಹೇಳಿದಳು. ಇಷ್ಟು ದೊಡ್ಡ ದೇಶದಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ.

ಹಾಗೆ ಹೆಸರು ಹಾಕಿಸಿದ ಡಬ್ಬಿಯೊಂದು ತಮ್ಮ ಮನೆಯಲ್ಲಿತ್ತು, ಅಣ್ಣ ಇಂಡಿಯಾದಿಂದ ತಂದದ್ದು ಎಂದು ಅವಳು ಹೇಳುತ್ತಾಳೆ. ಜರ್ಮನಿಯಲ್ಲಿ ಒಂದು ಕೋರ್ಟು ಕೇಸು ನಡೆಯುತ್ತಿದೆ. ಅದಕ್ಕೆ ಆ ಡಬ್ಬಿಯನ್ನು ಯಾರು ಯಾರಿಗೆ ಕೊಟ್ಟರು ಎಂದು ಗೊತ್ತಾಗಬೇಕಂತೆ. ಇನ್ನೊಮ್ಮೆ ಯೋಚಿಸಿ ನೋಡಿ ಅಮ್ಮ. ಮರೆತಿರಬಹುದು.

ದಖೀಲ್ ವಿಷಯ ಬಿಡುವಾಗಿ ಬರೆಯುತ್ತೇನೆ. ಇವತ್ತು ಸ್ಪಂದನಾಗೆ ಸ್ವಲ್ಪ ಜ್ವರ.

ಶಾಲಿನಿ

ಪಡುವಾರಹಳ್ಳಿ
11 ಡಿಸೆಂಬರ್ 2023

ಶಾಲಿನಿ,

ಮಗುವಿಗೆ ಜ್ವರ ಬಿಟ್ಟಿತೇ? ಮೆಣಸಿನ ಸಾರು ಮಾಡಿ ಕೊಡು.

ಕೋರ್ಟು ಅಂದೆಯಲ್ಲ, ನನಗೆ ಅರ್ಥವಾಯಿತು. ಎಲ್ಲ ಮನೆಯದೂ ಒಂದೇ ಕತೆ. ಅಣ್ಣ ತಂಗಿ ಪಾಲಿಗೆ ಬಿದ್ದಿದ್ದಾರೆ. ಹೊಲ ಆಯಿತು, ಮನೆ ಆಯಿತು, ಈಗ ಪಾತ್ರೆಪಡಗ. ನಮ್ಮ ಚಿಕ್ಕಪ್ಪನ ಮಕ್ಕಳು ಒಂದು ಕೊಳಗಕ್ಕಾಗಿ ನಂಜನಗೂಡಿನ ಕೋರ್ಟಿಗೆ ಅಲೆದದ್ದನ್ನು ಕಣ್ಣಾರೆ ಕಂಡವಳು ನಾನು. ಡಬ್ಬಿ ಅಣ್ಣನದೋ ಅಮ್ಮನದೋ ಅಂತ ನನ್ನ ಬಾಯಿಂದ ಹೇಳಿಸಬೇಕು, ಅಷ್ಟೇ ತಾನೇ? ಒಡಹುಟ್ಟಿದವರ ನಡುವೆ ನಾನು ಬರುವುದಿಲ್ಲ.

ಅವನಿಗೆ ಅಷ್ಟು ಬೇಕಿದ್ದರೆ ಅವನೇ ಬರೆಯಲಿ. ತಂಗಿಯನ್ನು, ನಿನ್ನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವುದು ಯಾಕೆ? ನಾನೇನು ಹುಲಿಯೇ? ಎರಡು ಮಾತು ಬೈಯುತ್ತೇನೆ, ಆಮೇಲೆ ಊಟ ಹಾಕುತ್ತೇನೆ. ಅವನಿಗದು ಗೊತ್ತಿದೆ.

ಡಬ್ಬಿ ಕೊಟ್ಟಿಲ್ಲ ಅಂದೆನಲ್ಲ. ಮತ್ತೆ ಕೇಳಬೇಡ.

ದೇವೀರಮ್ಮ

ಕೆನ್ಮೋರ್
9 ಫೆಬ್ರವರಿ 2024

ಅಮ್ಮ,

ಎರಡು ತಿಂಗಳು ಬರೆಯಲಿಲ್ಲ. ಮಗಳ ಜ್ವರ ಎರಡೇ ದಿನಕ್ಕೆ ಬಿಟ್ಟಿತ್ತು. ನನಗೆ ಬರೆಯಲು ಧೈರ್ಯವಿರಲಿಲ್ಲ. ಅಖಿಲ್ ನಿನ್ನೆ ಅಂದ, "ಅವ್ರು ಪಾಲಿನ ಜಗಳ ಅನ್ಕೊಂಡಿದಾರೆ ಕಣೇ. ನೀನು ಹೇಳ್ದೇ ಇರೋದು ದಯೆ ಅಲ್ಲ." ಸರಿಯಾದ ಮಾತು.

ದಖೀಲ್ ಇಲ್ಲ ಅಮ್ಮ. 2014ರ ಆಗಸ್ಟಿನಲ್ಲೇ ಹೋದ.

ಅವನು ಯಜೀದಿ ಎಂಬ ಹಳೆಯ ಧರ್ಮದವರ ಪೈಕಿ ಎಂದು ನಮಗೆಲ್ಲ ಗೊತ್ತಿತ್ತು, ಹಾಗೆಂದರೇನು ಎಂದು ನಾವು ಯಾರೂ ಸರಿಯಾಗಿ ಕೇಳಿರಲಿಲ್ಲ. ಆ ತಿಂಗಳು ಐಸಿಸ್‌ನವರು ಆ ಧರ್ಮದವರನ್ನೇ ಮುಗಿಸಲು ಅವರ ಸಿಂಜಾರ್ ಬೆಟ್ಟದ ಸುತ್ತಲಿನ ಊರುಗಳಿಗೆ ನುಗ್ಗಿದರು. ಓಡಿದವರು ಬೆಟ್ಟ ಹತ್ತಿದರು, ಅವರಲ್ಲೂ ಎಷ್ಟೋ ಜನ ನೀರಿಲ್ಲದೆ ಸತ್ತರು. ದಖೀಲ್‌ನ ಊರಿನವರಿಗೆ ಓಡಲು ಆಗಲಿಲ್ಲ. ಅವನು ಅಲ್ಲಿ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ. ಅದೇ ಶಾಲೆಗೆ ಎಲ್ಲರನ್ನೂ ಸೇರಿಸಿ, ಗಂಡಸರನ್ನು ಬೇರೆ ಮಾಡಿ, ಊರ ಹೊರಗೆ ಕರೆದುಕೊಂಡು ಹೋಗಿ ಗುಂಡು ಹಾರಿಸಿದರು. ಅವನ ಅಪ್ಪನನ್ನೂ. ಅಮ್ಮನನ್ನು ಇನ್ನೊಂದು ಕಡೆ ಒಯ್ದರು, ಅವರೂ ಬದುಕಲಿಲ್ಲ. ಆಗ ನೋಫಾ ಶಾಲೆಯ ಹುಡುಗಿ. ಅವಳನ್ನು ಮಾರಿದರು. ಈ ಪದವನ್ನು ಅವಳೇ ಹೇಳಿದ್ದು, ನಾನು ಬೇರೆ ಪದ ಹುಡುಕಲು ಹೋಗುವುದಿಲ್ಲ.

ಅವಳನ್ನು ಇಟ್ಟುಕೊಂಡವನ ಮನೆಯ ಅಡುಗೆಮನೆಯಲ್ಲಿ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅಣ್ಣ ಅಮ್ಮನಿಗೆ ತಂದಿದ್ದ ಡಬ್ಬಿ, ಅವರ ಮನೆಯಿಂದ ದೋಚಿದ್ದು. ಅಮ್ಮ ಅದರಲ್ಲಿ ಅವರ ಪುಣ್ಯಕ್ಷೇತ್ರದ ಮಣ್ಣಿನ ಉಂಡೆಗಳನ್ನು ಇಟ್ಟಿದ್ದರಂತೆ. ಅವನು ಆ ಮಣ್ಣು ಚೆಲ್ಲಿ ಸಕ್ಕರೆ ತುಂಬಿದ್ದ. ಕೊನೆಗೊಂದು ದಿನ ಅವಳು ತಪ್ಪಿಸಿಕೊಂಡಳು, ವರ್ಷಗಳ ಮೇಲೆ ಈ ಊರಿಗೆ ಬಂದಳು.

ಆ ಮನುಷ್ಯ ಈಗ ಜರ್ಮನಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ನಾನವನಲ್ಲ, ಆ ಊರಿನ ಕಡೆಗೆ ಹೋದವನೇ ಅಲ್ಲ, ಈ ಹುಡುಗಿಯನ್ನು ನೋಡಿಯೇ ಇಲ್ಲ, ಇವಳು ಸುಳ್ಳು ಹೇಳುತ್ತಿದ್ದಾಳೆ ಅನ್ನುತ್ತಾನೆ. ಅವನ ಹಳೆಯ ಫೋನಿನಲ್ಲಿ ಒಂದು ಚಿತ್ರ ಸಿಕ್ಕಿದೆ. ಊಟಕ್ಕೆ ಕೂತಿದ್ದಾನೆ, ಹಿಂದಿನ ಕಪಾಟಿನಲ್ಲಿ ಒಂದು ಡಬ್ಬಿ. ಇಂಥ ಇಂಡಿಯಾ ಡಬ್ಬಿಗಳು ಎಲ್ಲ ಪೇಟೆಯಲ್ಲೂ ಸಿಗುತ್ತವೆ ಎಂದು ಅವನ ವಕೀಲರು ಹೇಳುತ್ತಾರೆ. ಅದರ ಮೇಲೆ ಏನೋ ಗೀಚಿದೆ, ಯಾರಿಗೂ ಓದಲು ಬಂದಿರಲಿಲ್ಲ. ನನ್ನ ಡಬ್ಬಿ ನೋಡಿದ ಮೇಲೆ ನೋಫಾ ತನಿಖೆಯವರಿಗೆ ಹೇಳಿದಳು, ಅವರು ಆ ಚಿತ್ರವನ್ನು ನನಗೆ ತೋರಿಸಿದರು. ನಾನು ಓದಿದೆ ಅಮ್ಮ. ಅರ್ಧ ಕಾಣುತ್ತದೆ. "ರಮ್ಮ, ಪಡುವಾರಹಳ್ಳಿ" ಎಂದಿದೆ.

ನೋಫಾಗೆ ಆ ಅಕ್ಷರ ಓದಲು ಬರುವುದಿಲ್ಲ. ಡಬ್ಬಿಯ ಬಗ್ಗೆ ಅವಳು ಹೇಳಿರುವ ಗುರುತು ಬೇರೆ ಒಂದಿದೆ, ಅದನ್ನು ನಿಮಗೆ ತಿಳಿಸಕೂಡದು ಎಂದು ತನಿಖೆಯವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನೀವು ಮಾತಾಡದಿದ್ದರೆ ಅವಳ ಮಾತೊಂದೇ ಉಳಿಯುತ್ತದೆ, ಅದನ್ನು ಅವರು ಸುಳ್ಳು ಮಾಡುತ್ತಾರೆ.

ಇವತ್ತು ಕ್ಷೇಮ ಸಮಾಚಾರ ಬರೆಯಲು ಕೈ ಬರುತ್ತಿಲ್ಲ.

ಶಾಲಿನಿ

ಕೆನ್ಮೋರ್
18 ಏಪ್ರಿಲ್ 2024

ಅಮ್ಮ,

ನೀವು ಕಾಗದ ನೋಡಿದ ಗುರುತು ನನ್ನ ಫೋನಿನಲ್ಲಿ ಬಂದಿದೆ, ಉತ್ತರ ಬಂದಿಲ್ಲ. ಕವನಾ ನಿಮ್ಮ ಮನೆ ಮುಂದೆ ಹಾದುಹೋದಳಂತೆ. ರಂಗೋಲಿ ಹಾಕಿದೆ, ಬಾಗಿಲು ಹಾಕಿದೆ ಅಂದಳು. ತನಿಖೆಯವರು ಎರಡು ಸಲ ಕೇಳಿದರು. ವಯಸ್ಸಾದವರು, ಸಮಯ ಕೊಡಿ ಎಂದಿದ್ದೇನೆ. ಇದು ಒತ್ತಾಯದ ಕಾಗದವಲ್ಲ.

ನಿನ್ನೆ ಅವರ ಹೊಸ ವರ್ಷ, ಕೆಂಪು ಬುಧವಾರ ಅನ್ನುತ್ತಾರೆ. ನೋಫಾ ಮೊಟ್ಟೆಗಳಿಗೆ ಬಣ್ಣ ಹಾಕಿ ಸ್ಪಂದನಾಗೆ ಕೊಟ್ಟಳು, ಬಾಗಿಲಿನ ಮೇಲೆ ಕೆಂಪು ಹೂ ಸಿಕ್ಕಿಸಿದಳು. ಅವರ ಊರಿನ ಬಯಲಿನಲ್ಲಿ ಈ ತಿಂಗಳು ತಾನಾಗಿಯೇ ಅರಳುವ ಹೂವಂತೆ. ಇಲ್ಲಿ ಅಂಗಡಿಯಿಂದ ತಂದಿದ್ದಳು. ಮಳೆ ನಿಂತು ಬಿಸಿಲು ಬಂದಿತ್ತು. ಸೂರ್ಯನ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಪ್ರಾರ್ಥಿಸುತ್ತ ನಿಂತಳು. ದಖೀಲ್ ನಿಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಹಾಗೆಯೇ ನಿಲ್ಲುತ್ತಿದ್ದ.

ನೀಲಿ ಶರ್ಟಿನ ಮಾತು ಅವಳಿಗೆ ಹೇಳಿದೆ. ಅವರ ಹಳೆಯ ಕಾಲದವರು ನೀಲಿ ಬಟ್ಟೆ ತೊಡುವುದಿಲ್ಲವಂತೆ. ಪ್ರೀತಿಯಿಂದ ತಂದವರ ಮುಂದೆ ಬೇಡ ಅನ್ನಬಾರದೆಂದು ಅವನು ನಿಮಗೆ ಹೇಳಲಿಲ್ಲ. ಊರಿಗೆ ಹೋಗಿ ಅಮ್ಮನಿಗೆ ಹೇಳಿದನಂತೆ. "ಬಿಟ್ಟು ಬಂದೆಯಾ? ಆ ತಾಯಿಗೆ ಎಷ್ಟು ನೋವಾಗಿರುತ್ತದೆ, ತಂದು ನನಗಾದರೂ ಕೊಡಬಾರದಿತ್ತೇ" ಎಂದು ಅವರು ಬೈದರಂತೆ. ಅವನನ್ನು ಬೈಯಲು ನೀವೊಬ್ಬರೇ ಇರಲಿಲ್ಲ.

ನಿಮ್ಮ
ಶಾಲಿನಿ

ಪಡುವಾರಹಳ್ಳಿ
6 ಮೇ 2024

ಶಾಲಿನಿ,

ಡಬ್ಬಿ ನನ್ನದೇ. ನಾನೇ ಹೆಸರು ಹಾಕಿಸಿದೆ, ನಾನೇ ಹುಚ್ಚೆಳ್ಳು ಚಟ್ನಿಪುಡಿ ತುಂಬಿ ಅವನ ಕೈಗೆ ಕೊಟ್ಟೆ.

ನೀನು ಬರೆಯುವ ಮೊದಲೇ ನನಗೆ ಗೊತ್ತಿತ್ತು ಕಣೇ. ಆ ಆಗಸ್ಟಿನಲ್ಲಿ ಟೀವಿಯಲ್ಲಿ ಆ ಬೆಟ್ಟ ತೋರಿಸಿದರು. ಜನ ಮಕ್ಕಳನ್ನು ಹೊತ್ತುಕೊಂಡು ಹತ್ತುತ್ತಿದ್ದರು. ಅದೇ ಬೆಟ್ಟದ ಫೋಟೋವನ್ನು ಅವನು ನನಗೆ ತೋರಿಸಿ, "ನಮ್ ಚಾಮುಂಡಿ ಬೆಟ್ಟ ಅಮ್ಮ ಇದು" ಅಂದಿದ್ದ. ಹುಳಿ ಕುದಿಯುತ್ತಿತ್ತು, ಹಾಗೇ ಬಿಟ್ಟು ಫೋನು ಮಾಡಿದೆ. ಯಾರೋ ಹೆಂಗಸು ಅವರ ಭಾಷೆಯಲ್ಲಿ ಏನೋ ಹೇಳಿದಳು. ನಮ್ಮಲ್ಲಿ ಸ್ವಿಚ್ ಆಫ್ ಅಂತಾರಲ್ಲ, ಅದೇ ಇರಬೇಕು. ಮತ್ತೆ ಮತ್ತೆ ಮಾಡಿದೆ. ಅವಳು ಅದನ್ನೇ ಹೇಳಿದಳು.

ಅವತ್ತಿನಿಂದ ಅವನನ್ನು ಬೈಯಲು ಶುರು ಮಾಡಿದೆ. ಮೆಸ್ಸಿಗೆ ಬಂದವರ ಮುಂದೆಲ್ಲ ಬೈದೆ. ಉಂಡು ಹೋದವನು ತಿರುಗಿ ನೋಡಲಿಲ್ಲ ಅಂದೆ, ಅಲ್ಲಿ ಮದುವೆಯಾಗಿ ಹೆಂಡತಿಯ ಮಾತು ಕೇಳುತ್ತಾನೆ ಅಂದೆ. ಮರೆತವನು ಎಲ್ಲಾದರೂ ಚೆನ್ನಾಗಿ ಬದುಕಿರುತ್ತಾನೆ ನೋಡು. ಡಬ್ಬಿ ಅಂತ ನೀನು ಬರೆದ ಕೂಡಲೇ ತಿಳಿಯಿತು. ಬದುಕಿರುವವನ ಡಬ್ಬಿಯನ್ನು ಯಾರು ಹುಡುಕುತ್ತಾರೆ? ಪಾಲಿನ ಜಗಳ ಅಂತ ಬರೆದೆನಲ್ಲ, ಅದನ್ನು ನಂಬಿ ಬರೆದದ್ದಲ್ಲ. ಹಾಗೆ ಇರಲಿ ದೇವರೇ ಅಂತ ಬರೆದದ್ದು. ಅವನು ಜಗಳಗಂಟನಾಗಲಿ, ಲೋಭಿಯಾಗಲಿ, ಇದ್ದರೆ ಸಾಕಿತ್ತು.

ನಿನ್ನ ಫೆಬ್ರವರಿ ಕಾಗದ ಓದಿದ ಮೇಲೆ ಬೈಗುಳ ನಿಂತುಹೋಯಿತು. ಬೈಗುಳ ನಿಂತ ಮೇಲೆ ಮನೆಯಲ್ಲಿ ಅವನು ಇಲ್ಲ ಅನ್ನುವುದು ಗೊತ್ತಾಯಿತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಬೀರುವಿನಲ್ಲಿ ಆ ನೀಲಿ ಶರ್ಟು ಇದೆ. ಹೊರಗೆ ತೆಗೆದು, ಅತ್ತು, ಮತ್ತೆ ಮಡಿಸಿಟ್ಟೆ. ಅವನಮ್ಮ ಹಾಗೆ ಬೈದಳು ಅಂತ ನೀನು ಬರೆದದ್ದು ನನಗೆ ದೊಡ್ಡ ಉಪಕಾರ. ಆ ಹೆಂಗಸನ್ನು ನೋಡಬೇಕಿತ್ತು.

ಎಲ್ಲಿಗೆ ಬರಬೇಕು, ಏನು ಹೇಳಬೇಕು, ಬರೆ. ಬರುತ್ತೇನೆ. ಮಂಡಿಯ ಸುದ್ದಿ ಎತ್ತುವುದಿಲ್ಲ.

ದೇವೀರಮ್ಮ

ಪಡುವಾರಹಳ್ಳಿ
27 ಸೆಪ್ಟೆಂಬರ್ 2024

ಶಾಲಿನಿಗೆ,

ನಿನ್ನೆ ಬೆಂಗಳೂರಿಗೆ ಹೋಗಿ ಸಾಕ್ಷಿ ಹೇಳಿ ಬಂದೆ. ಕವನಾ ಜೊತೆಗೆ ಬಂದಿದ್ದಳು, ಅವಳನ್ನು ಹೊರಗೇ ಕೂರಿಸಿದರು. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಜರ್ಮನಿಯ ಕೋರ್ಟು. ನನ್ನ ಕಿವಿಗೆ ಏನೋ ಸಿಕ್ಕಿಸಿದರು. ಎಷ್ಟೋ ವರ್ಷದ ಮೇಲೆ ಎಲ್ಲ ಸ್ಪಷ್ಟವಾಗಿ ಕೇಳಿತು. ನನ್ನ ಮಾತನ್ನು ಅವರ ಭಾಷೆಗೆ ಹೇಳಲು ಒಬ್ಬ ಹುಡುಗಿ ಇದ್ದಳು.

ಅವನನ್ನೂ ನೋಡಿದೆ. ರಾಕ್ಷಸನ ಹಾಗಿರುತ್ತಾನೆ ಅಂದುಕೊಂಡಿದ್ದೆ. ಕನ್ನಡಕ, ನೀಟಾಗಿ ಬಾಚಿದ ತಲೆ. ನಮ್ಮ ಮೆಸ್ಸಿಗೆ ಬಂದು ಕೂತಿದ್ದರೆ ಎಲೆ ಹಾಕಿ ಬಡಿಸಿಬಿಡುತ್ತಿದ್ದೆ.

ಫೋಟೋ ತೋರಿಸಿದರು. ನನ್ನದೇ ಡಬ್ಬಿ ಅಂದೆ. ಅವನ ವಕೀಲ ಎದ್ದು, ಇಂಥ ಡಬ್ಬಿ ನಿಮ್ಮ ದೇಶದಲ್ಲಿ ಲಕ್ಷಗಟ್ಟಲೆ ಇರುತ್ತವಲ್ಲ ಅಂದ. "ಡಬ್ಬಿ ಲಕ್ಷ ಇರ್ತವೆ ಸ್ವಾಮಿ, ಪಡುವಾರಹಳ್ಳೀಲಿ ದೇವೀರಮ್ಮ ಅಂತ ಮೆಸ್ ಇಟ್ಟೋಳು ನಾನೊಬ್ಳೇ" ಅಂದೆ. ಸಾಮಾನು ಕೊಡುವಾಗ ಯಾಕೆ ಹೆಸರು ಹಾಕಿಸುತ್ತೀರಿ ಅಂದರು. ಕೊಟ್ಟವರ ನೆನಪಿರಲಿ ಅಂತ ಅಂದೆ. ಇನ್ನೇನು ಹೇಳಲಿ?

ಆಮೇಲೆ ನ್ಯಾಯಾಧೀಶೆ, ಹೆಂಗಸೇ, ಕೇಳಿದಳು. ಈ ಚಿತ್ರದಲ್ಲಿ ಕಾಣದೆ ಇರುವುದು ಆ ಡಬ್ಬಿಯಲ್ಲಿ ಏನಾದರೂ ಇದೆಯಾ ಅಂತ. ಇದೆ ಅಂದೆ, ಮುಚ್ಚಳದ ಒಳಗಡೆ. ಎಲ್ಲ ಹೇಳಿಬಿಟ್ಟೆ. ಶಿವರಾಂಪೇಟೆಯಲ್ಲಿ ಪ್ರಭುದೇವನ ಪಾತ್ರೆ ಅಂಗಡಿ. ಹೆಸರು ಕೆತ್ತುವವನು ಈರಬಸಪ್ಪ. ದಖೀಲ ನನ್ನ ಜೊತೆ ಬಂದಿದ್ದ. ನನ್ನ ಹೆಸರು ಆದ ಮೇಲೆ, ನನಗೊಂದು ನವಿಲು ಹಾಕಿಕೊಡಿ ಅಂದ, ಅವರ ದೇವರಿಗೆ ನವಿಲಿನ ರೂಪ. "ನಮ್ಮ ಸುಬ್ರಹ್ಮಣ್ಯನ್ದೂ ನವಿಲೇ ಕಣಪ್ಪ" ಅಂದೆ ನಾನು. "ಅದು ಬೇರೆ ಅಮ್ಮ, ನಮ್ದು ಬೇರೆ" ಅಂತ ನಕ್ಕ. ಈರಬಸಪ್ಪನಿಗೆ ಹೆಸರು ಬರುತ್ತಿತ್ತು, ಒಂದು ಹೂ ಬರುತ್ತಿತ್ತು, ಅಷ್ಟೇ. ಬಹಳ ಕಷ್ಟಪಟ್ಟು ಕೊರೆದ. ನೋಡಿದರೆ ಕೋಳಿ. ನಾನು ಅಳಿಸಿ ಬೇರೆ ಹಾಕು ಅಂದೆ. ದಖೀಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. "ಬೇಡ ಅಮ್ಮ, ದೇವ್ರು ಬೇಜಾರ್ ಮಾಡ್ಕೊಳಲ್ಲ, ಇವ್ರು ಮಾಡ್ಕೋತಾರೆ" ಅಂತ ನನ್ನ ಕಿವಿಯಲ್ಲಿ ಹೇಳಿ, ಈರಬಸಪ್ಪನ ಕೈ ಕುಲುಕಿದ.

ನಾನು ಕೋಳಿ ಅಂದ ಕೂಡಲೇ ಬರೆದುಕೊಳ್ಳುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಯಾರೂ ನಗಲಿಲ್ಲ. ನ್ಯಾಯಾಧೀಶೆ ಇನ್ನೊಮ್ಮೆ ಹೇಳಿಸಿದಳು. ನಾನು ಏನಾದರೂ ಕೆಡಿಸಿಬಿಟ್ಟೆನಾ ಶಾಲಿನಿ? ಅಂಥ ಜಾಗದಲ್ಲಿ ನವಿಲು ಅಂತ ಹೇಳಿ ಸುಮ್ಮನಾಗಬೇಕಿತ್ತೋ ಏನೋ. ಕಂಡದ್ದು ಕಂಡ ಹಾಗೆ ಹೇಳಿದೆ. ಆ ಹುಡುಗಿಗೆ ನನ್ನಿಂದ ತೊಂದರೆಯಾಗಿದ್ದರೆ ಮುಚ್ಚಿಡದೆ ಬರೆ.

ದೇವೀರಮ್ಮ

ಕೆನ್ಮೋರ್
2 ಮಾರ್ಚ್ 2025

ಅಮ್ಮ,

ತೀರ್ಪು ಬಂತು. ಅವನಿಗೆ ಜೀವಾವಧಿ. ತೀರ್ಪು ಬರುವವರೆಗೆ ನಿಮಗೆ ಏನನ್ನೂ ಹೇಳುವಂತಿರಲಿಲ್ಲ. ಏನೂ ಕೆಡಲಿಲ್ಲ ಎಂದು ಎರಡು ಸಾಲು ಬರೆದು ಸುಮ್ಮನಾಗಿದ್ದಕ್ಕೆ ನೀವು ಎಷ್ಟು ಒದ್ದಾಡಿರುತ್ತೀರೋ ಗೊತ್ತು.

ಈಗ ಬರೆಯಬಹುದು. ನೋಫಾ ತಪ್ಪಿಸಿಕೊಂಡು ಬಂದ ಹೊಸದರಲ್ಲೇ, ಅವನಿನ್ನೂ ಸಿಕ್ಕಿರದಿದ್ದಾಗಲೇ, ತನಿಖೆಯವರಿಗೆ ಒಂದು ಗುರುತು ಹೇಳಿದ್ದಳು. "ನಮ್ಮ ಡಬ್ಬಿಯ ಮುಚ್ಚಳದ ಒಳಗೆ ಒಂದು ಕೋಳಿ ಇದೆ." ಯಾರಿಗೂ ಅದರ ತಲೆಬುಡ ತಿಳಿಯಲಿಲ್ಲ. ಅಷ್ಟು ಕಷ್ಟ ಕಂಡ ಹುಡುಗಿ, ನೆನಪು ಕಲಸಿಹೋಗಿರಬೇಕು ಅಂದುಕೊಂಡರು. ಇದೇ ಕೋಳಿಯನ್ನು ಹಿಡಿದು ಅವನ ವಕೀಲರು ಅವಳನ್ನು ಹೀಯಾಳಿಸಿದ್ದರು. ಫೋಟೋದಲ್ಲಿ ಇದ್ದದ್ದು ಹೆಸರು ಮಾತ್ರ. ನೋಫಾಗೆ ಗೊತ್ತಿದ್ದದ್ದು ಕೋಳಿ ಮಾತ್ರ. ಎರಡನ್ನೂ ಬಲ್ಲವರು ನೀವೊಬ್ಬರೇ ಉಳಿದಿದ್ದಿರಿ.

ನೀವು ಮಾತಾಡಿದ ದಿನ ನೋಫಾ ಆ ಕೋರ್ಟಿನಲ್ಲೇ ಕೂತಿದ್ದಳು. ನೀವು ಅವಳನ್ನು ನೋಡಲಿಲ್ಲ, ಅವಳು ನಿಮ್ಮನ್ನು ನೋಡಿದಳು. ದಖೀಲ್ ಊರಿಗೆ ಬಂದ ದಿನ ಅವರಮ್ಮ ಆ ಮುಚ್ಚಳ ತೆಗೆದು, ಮಗನನ್ನು ಅಷ್ಟು ದೂರ ಓದಲು ಕಳಿಸಿದರೆ ಕೋಳಿ ತಂದಿದ್ದಾನೆ ಅಂದರಂತೆ. ಮನೆಯವರೆಲ್ಲ ನಕ್ಕರಂತೆ. ಅದು ನವಿಲು ಎಂದು ಅವನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಾದದ್ದು ನಿಮ್ಮ ಬಾಯಿಂದ.

ದಖೀಲ್‌ನ ಮೂಳೆಗಳು ಇನ್ನೂ ಗುರುತಾಗಿಲ್ಲ. ಅಗೆದ ಗುಂಡಿಗಳು ಕೆಲವು, ಅಗೆಯಬೇಕಾದವು ಹಲವು. ಇವಳಂಥ ಎಷ್ಟೋ ಜನರಿಗೆ ಇನ್ನೂ ಒಂದು ಕೋರ್ಟೂ ಸಿಕ್ಕಿಲ್ಲ. ನ್ಯಾಯ ಸಿಕ್ಕಿತಾ ಎಂದು ಉಷಾ ಫೋನಿನಲ್ಲಿ ಕೇಳಿದಳು. ನೋಫಾಳನ್ನು ಕೇಳಿದೆ. "ನಾನು ಸುಳ್ಳು ಹೇಳಲಿಲ್ಲ ಎಂದು ಒಂದು ಕಡೆ ಬರೆದಿಟ್ಟಿದ್ದಾರೆ" ಅಂದಳು.

ಶಾಲಿನಿ

ಪಡುವಾರಹಳ್ಳಿ
16 ಮಾರ್ಚ್ 2025

ಶಾಲಿನಿ,

ನಿನ್ನ ಕಾಗದ ಓದಿ, ಸೀರೆ ಬದಲಾಯಿಸಿ ಶಿವರಾಂಪೇಟೆಗೆ ಹೋದೆ. ಈರಬಸಪ್ಪ ಇಲ್ಲ, ಹೋಗಿ ಬಹಳ ದಿನವಾಯಿತಂತೆ. ಪ್ರಭುದೇವನ ಅಂಗಡಿಯಲ್ಲಿ ಈಗ ಮಷೀನು ಹೆಸರು ಕೆತ್ತುತ್ತದೆ. ಒಂದು ಡಬ್ಬಿ ಆರಿಸಿ ದಖೀಲನ ಹೆಸರು, ಕೆಳಗೆ ನನ್ನ ಹೆಸರು ಹಾಕಿಸಿದೆ. ಮುಚ್ಚಳದೊಳಗೆ ಕೋಳಿ ಹಾಕು ಅಂದೆ. "ಕೋಳಿ ಯಾಕಮ್ಮ, ಕಂಪ್ಯೂಟರ್‌ನಲ್ಲಿ ಒಳ್ಳೇ ನವಿಲೈತೆ" ಅಂದ ಮಷೀನಿನ ಹುಡುಗ. ನವಿಲೇ ಹಾಕು, ಆದರೆ ಕೋಳಿ ಥರ ಕಾಣಬೇಕು ಅಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡ. ಕೊನೆಗೆ ನಾನೇ ಹಾಳೆಯ ಮೇಲೆ ಬರೆದುಕೊಟ್ಟೆ. ಈರಬಸಪ್ಪನದಕ್ಕಿಂತ ಕೆಟ್ಟದಾಗಿ ಬಂದಿದೆ.

ಹೊಸ ಡಬ್ಬಿಯನ್ನು ಖಾಲಿ ಕೊಡಬಾರದಲ್ಲ. ಅಭ್ಯಾಸಕ್ಕೆ ಕೈ ಸಕ್ಕರೆಗೆ ಹೋಯಿತು. ಅವನು ಆ ಡಬ್ಬಿಗೆ ಸಕ್ಕರೆ ತುಂಬಿದ್ದ ಅಂತ ನೀನು ಬರೆದದ್ದು ನೆನಪಾಗಿ ತಡೆದೆ. ಹುಚ್ಚೆಳ್ಳು ಹುರಿದು ಚಟ್ನಿಪುಡಿ ಮಾಡಿ ತುಂಬಿದ್ದೇನೆ. ಕವನಾ ನಾಳೆ ಪಾರ್ಸೆಲ್ ಮಾಡುತ್ತಾಳೆ. ಬಾಳೆಹಣ್ಣಿಗೆ ಹಚ್ಚಿಕೊಂಡು ತಿನ್ನುವುದನ್ನು ನೋಫಾಗೆ ನೀನು ತೋರಿಸಿಕೊಡು.

ಅವರಲ್ಲೂ ಕೊಟ್ಟ ಪಾತ್ರೆಯನ್ನು ತುಂಬಿಯೇ ಹಿಂದಿರುಗಿಸುತ್ತಾರೆ ಅಂತ ನೀನೇ ಬರೆದಿದ್ದೆ. ಅವಳಿಗೆ ಹೇಳು, ಈ ಡಬ್ಬಿಯನ್ನು ಪಾರ್ಸೆಲ್ಲಿನಲ್ಲಿ ಹಿಂದಕ್ಕೆ ಕಳಿಸಬಾರದು, ಅವಳೇ ತಂದುಕೊಡಬೇಕು. ಹಿಂದಿನ ಕೋಣೆಯನ್ನು ಗುಡಿಸಿ, ಸುಣ್ಣ ಹೊಡೆಸಿದ್ದೇನೆ. ನೀಲಿ ಬಣ್ಣದ್ದು ಏನೂ ಇಟ್ಟಿಲ್ಲ. ಬುಧವಾರ ಬಂದಿಳಿದರೆ ಸ್ನಾನಕ್ಕೆ ನೀರು ಕಾಯಿಸುವುದಿಲ್ಲ, ಅದನ್ನೂ ಹೇಳು.

ದೇವೀರಮ್ಮ